ಊರುಗೋಲಿನವರ ಪ್ರವಾಸ: ಪುಣೆಯ ಆಗಾಖಾನ್ ಅರಮನೆಯ ನಿದರ್ಶನ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ಕಾಲಿನಲ್ಲಿ ಕಸುವಿರುವವರೆಗೆ ಈ ಮಾತಿನ ಎರಡು ಭಾಗಗಳೂ ಮನುಷ್ಯನ ಅಧೀನದಲ್ಲಿರುತ್ತವೆ. ಮೊಣಕಾಲು ಸವೆದ ಮೇಲೆ, ಪಾರ್ಶ್ವವಾಯು ತಗುಲಿದ ಮೇಲೆ, ನಾಲ್ಕು ಹೆಜ್ಜೆಗೆ ಉಸಿರು ಸೋಲತೊಡಗಿದ ಮೇಲೆ ಮೊದಲನೆಯ ಭಾಗವನ್ನು ಮನೆಯವರೇ ಮೆಲ್ಲನೆ ಅಳಿಸಿಬಿಡುತ್ತಾರೆ. ಹೀಗೆ ಅಳಿಸುವವರಲ್ಲಿ ಕರುಣೆಯಿಲ್ಲವೆಂದಲ್ಲ. ಅವರು ಅದನ್ನು ಮಾಡುವುದು ಬಹುಮಟ್ಟಿಗೆ ಪ್ರೀತಿಯಿಂದಲೇ.

ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಏರ್ಪಡಿಸುವ ಪ್ರವಾಸಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಬಸ್ಸು ನಿಂತೊಡನೆ ಮಕ್ಕಳು ಮೊದಲಾಗಿ ಎಲ್ಲರೂ ಇಳಿಯುತ್ತಾರೆ. ಕಿಟಕಿಯ ಬದಿಯ ಆಸನಗಳಲ್ಲಿ ಒಬ್ಬಿಬ್ಬರು ಹಿರಿಯರು ಮಾತ್ರ ಉಳಿಯುತ್ತಾರೆ. ಅಂತಹ ಒಂದು ಮನೆಯನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿದ ಮಗ. ಧಾರವಾಡದ ಕಡೆಯಿಂದ ಬಂದು ಅವನ ಸಂಸಾರದೊಡನೆ ಇರುವ ಎಪ್ಪತ್ತೈದರ ತಾಯಿ. ಆಕೆಯ ತಂದೆ 1942ರ ಚಳವಳಿಯಲ್ಲಿ ಹಿಂಡಲಗಾ ಸೆರೆಮನೆ ಕಂಡವರು. ಕಸ್ತೂರಬಾ ಅವರು ಪುಣೆಯ ಬಂಧನದಲ್ಲಿ ತೀರಿಕೊಂಡ ಕಥೆಯನ್ನು ಆಕೆ ಬಾಲ್ಯದಲ್ಲಿ ತಂದೆಯ ಬಾಯಿಂದಲೇ ಕೇಳಿದ್ದಳು. ಈಗ ಸಂಘದ ಬಸ್ಸು ಅದೇ ಮನೆಯ ಬಾಗಿಲಿಗೆ ಬಂದು ನಿಂತಿದೆ. “ಅವ್ವಾ, ನೀ ಇಲ್ಲೇ ಕೂಡು. ಮೆಟ್ಟಿಲಾ ಭಾಳ ಇರ್ತಾವ. ನಾವು ಹಂಗ ಹೋಗಿ ಹಿಂಗ ಬರ್ತೀವಿ,” ಎನ್ನುತ್ತಾನೆ ಮಗ. “ಹೋಗಿ ಬರ್ರಿ. ಚೀಲಾ ಕಾಯ್ಲಿಕ್ಕೆ ಒಬ್ರು ಬೇಕಲ್ಲ,” ಎನ್ನುತ್ತಾಳೆ ತಾಯಿ.

ಮೆಟ್ಟಿಲು ಎಷ್ಟೆಂಬುದನ್ನು ಯಾರೂ ಎಣಿಸಿರಲಿಲ್ಲ. ತಾಯಿ ಎಷ್ಟು ಮೆಟ್ಟಿಲು ಏರಬಲ್ಲಳೆಂಬುದನ್ನೂ ಯಾರೂ ಕೇಳಿರಲಿಲ್ಲ. ಈ ಎರಡು ಎಣಿಕೆಗಳನ್ನು ಮಾಡದೆ ಕೈಗೊಂಡ ನಿರ್ಣಯದಿಂದ ಆಕೆ ಕಳೆದುಕೊಂಡದ್ದು ಎಪ್ಪತ್ತು ವರ್ಷಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಂದು ಸ್ಥಳವನ್ನು. ನಡೆಯಲು ಕಷ್ಟವಿರುವವರನ್ನು ಐತಿಹಾಸಿಕ ಮನೆಗೂ ಅದರ ಉದ್ಯಾನಕ್ಕೂ ಸುರಕ್ಷಿತವಾಗಿ ಕರೆದೊಯ್ಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಬಂಧನದ ಮನೆ

ಪುಣೆಯಲ್ಲಿ ಯರವಡಾಕ್ಕೆ ಸಮೀಪ, ನಗರ ರಸ್ತೆಯ ಮೇಲಿರುವ ಆಗಾಖಾನ್ ಅರಮನೆಯನ್ನು 1892ರಲ್ಲಿ ಮೂರನೆಯ ಆಗಾಖಾನರು ಕಟ್ಟಿಸಿದರು. ಬರಗಾಲದಿಂದ ಕಂಗೆಟ್ಟಿದ್ದ ಸುತ್ತಲಿನ ಜನರಿಗೆ ಉದ್ಯೋಗ ದೊರಕಿಸುವ ಉದ್ದೇಶವೂ ಈ ನಿರ್ಮಾಣದ ಹಿಂದೆ ಇತ್ತೆಂದು ಹೇಳುತ್ತಾರೆ. ಕಮಾನುಗಳ ಸಾಲು, ಕಟ್ಟಡದ ಸುತ್ತ ಹರಿದುಬರುವ ಅಗಲವಾದ ಮೊಗಸಾಲೆ, ಮುಂದೆ ವಿಸ್ತಾರವಾದ ಹುಲ್ಲುಹಾಸು, ಹಳೆಯ ಮರಗಳು, ಇವು ಅದರ ಮುಖ್ಯ ಲಕ್ಷಣಗಳು.

ಆ ಮನೆ ಭಾರತದ ಇತಿಹಾಸಕ್ಕೆ ಸೇರಿದ್ದು ಅರಮನೆಯಾಗಿ ಅಲ್ಲ, ಸೆರೆಮನೆಯಾಗಿ. 1942ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ನಿರ್ಣಯದ ಬೆನ್ನಿಗೇ ಗಾಂಧೀಜಿಯವರನ್ನು ಬಂಧಿಸಿ ಇಲ್ಲಿ ಇರಿಸಲಾಯಿತು. ಕಸ್ತೂರಬಾ, ಮಹಾದೇವ ದೇಸಾಯಿ, ಸರೋಜಿನಿ ನಾಯ್ಡು, ಮೀರಾಬೆನ್, ಡಾಕ್ಟರ್ ಸುಶೀಲಾ ನಯ್ಯರ್ ಮೊದಲಾದವರೂ ಇಲ್ಲಿ ಬಂಧನದಲ್ಲಿದ್ದರು. ಬಂದು ಒಂದು ವಾರ ಕಳೆಯುವಷ್ಟರಲ್ಲಿ, 1942ರ ಆಗಸ್ಟ್ 15ರಂದು ಮಹಾದೇವ ದೇಸಾಯಿಯವರು ಹೃದಯಾಘಾತದಿಂದ ಮರಣ ಹೊಂದಿದರು. ಆಗ ಅವರಿಗೆ ಐವತ್ತೇ ವರ್ಷ. 1943ರ ಫೆಬ್ರವರಿ 10ರಿಂದ 21 ದಿನಗಳ ಉಪವಾಸವನ್ನು ಗಾಂಧೀಜಿ ಇದೇ ಮನೆಯಲ್ಲಿ ಆಚರಿಸಿದರು. 1944ರ ಫೆಬ್ರವರಿ 22ರಂದು ಕಸ್ತೂರಬಾ ಇಲ್ಲಿಯೇ ಕೊನೆಯುಸಿರೆಳೆದರು. ಗಾಂಧೀಜಿಯವರ ಬಿಡುಗಡೆಯಾದದ್ದು ಅದೇ ವರ್ಷದ ಮೇ 6ರಂದು.

1969ರಲ್ಲಿ ನಾಲ್ಕನೆಯ ಆಗಾಖಾನರು ಗಾಂಧೀಜಿಯವರ ಸ್ಮರಣೆಗಾಗಿ ಈ ಮನೆಯನ್ನು ದಾನವಾಗಿ ನೀಡಿದರು. 2003ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಮಹತ್ತ್ವದ ಸ್ಮಾರಕವೆಂದು ಘೋಷಿಸಿತು. ಗಾಂಧೀಜಿ ಬಳಸುತ್ತಿದ್ದ ಕೆಲವು ಪಾತ್ರೆಗಳು, ಬಟ್ಟೆ, ಚಪ್ಪಲಿ ಮುಂತಾದವನ್ನು ಇಲ್ಲಿ ಪ್ರದರ್ಶನಕ್ಕೆ ಇಡಲಾಗಿದೆ. ಕಸ್ತೂರಬಾ ಮತ್ತು ಮಹಾದೇವ ದೇಸಾಯಿಯವರ ಸಮಾಧಿಗಳು ಮನೆಯಿಂದ ಸ್ವಲ್ಪ ದೂರದಲ್ಲಿ, ಉದ್ಯಾನದ ಆವರಣದಲ್ಲಿವೆ.

ಈ ಮನೆಯ ಚರಿತ್ರೆಯ ಒಂದು ಸಣ್ಣ ಸಂಗತಿ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. 1944ರ ಜನವರಿಯಲ್ಲಿ ಕಸ್ತೂರಬಾ ಅವರಿಗೆ ಎರಡು ಸಲ ಹೃದಯಾಘಾತವಾಗಿ ಅವರು ಹಾಸಿಗೆ ಹಿಡಿದರು. ಫೆಬ್ರವರಿಯ ಎರಡನೆಯ ವಾರ ಸ್ವಲ್ಪ ಚೇತರಿಸಿಕೊಂಡಾಗ ಅವರು ಗಾಲಿಕುರ್ಚಿಯಲ್ಲಿ ಕುಳಿತು ಮೊಗಸಾಲೆಗೆ ಬಂದು, ಕೆಲವು ನಿಮಿಷ ಮಾತನಾಡುತ್ತಿದ್ದರು. ಎಪ್ಪತ್ತನಾಲ್ಕರ ರೋಗಿಷ್ಠ ಮುದುಕಿಗೆ ಹೊರಗಿನ ಬೆಳಕೂ ನಾಲ್ಕು ಜನರ ಮಾತೂ ಅಗತ್ಯವೆಂದು ಬಂಧನದಲ್ಲಿದ್ದವರಿಗೂ ತೋರಿತ್ತು. ಅದೇ ಮನೆಯನ್ನು ನೋಡಲು ಬಂದವರು ತಮ್ಮ ತಾಯಿಯನ್ನು ಬಸ್ಸಿನಲ್ಲಿ ಬಿಟ್ಟು ಹೋಗುವುದು ಯೋಚಿಸತಕ್ಕ ವಿಷಯ.

ನಡಿಗೆ ಕುಂಠಿತವಾಗುವ ಬಗೆಗಳು

‘ನಡೆಯಲಾಗುವುದಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಹಲವು ಕಾಯಿಲೆಗಳು ಇರುತ್ತವೆ. ಕಾರಣವನ್ನು ತಿಳಿಯದೆ ಮಾಡಿದ ಏರ್ಪಾಡು ವ್ಯರ್ಥವಾಗುತ್ತದೆ. ಕೆಲವೊಮ್ಮೆ ಅಪಾಯಕ್ಕೂ ಎಡೆಗೊಡುತ್ತದೆ.

ಮೊಣಕಾಲಿನ ಮೃದ್ವಸ್ಥಿ ಸವೆದವರು ಸಮನೆಲದಲ್ಲಿ ಸಾಕಷ್ಟು ದೂರ ನಡೆಯಬಲ್ಲರು. ಅವರ ಶತ್ರು ಮೆಟ್ಟಿಲು. ಅದರಲ್ಲಿಯೂ ಏರುವುದಕ್ಕಿಂತ ಇಳಿಯುವುದು ಹೆಚ್ಚು ನೋವಿನದು. ಮೆಟ್ಟಿಲಿಳಿಯುವಾಗ ಮೊಣಕಾಲಿನ ಕೀಲಿನ ಮೇಲೆ ಬೀಳುವ ಭಾರ ದೇಹದ ತೂಕದ ಮೂರು ಪಟ್ಟನ್ನೂ ಮೀರುತ್ತದೆ. ಸೊಂಟದ ಭಾಗದಲ್ಲಿ ಬೆನ್ನುಹುರಿಯ ನಾಳ ಕಿರಿದಾದವರಿಗೆ ಸ್ವಲ್ಪ ದೂರ ನಡೆದೊಡನೆ ಕಾಲು ಜೋಮು ಹಿಡಿದು ಸೋಲುತ್ತದೆ. ಮುಂದಕ್ಕೆ ಬಾಗಿ ಕುಳಿತರೆ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಇಂಥವರಿಗೆ ಬೇಕಾದುದು ದಾರಿಯುದ್ದಕ್ಕೂ ಕೂರುವ ಸ್ಥಳ. ಹೃದಯ ಅಥವಾ ಶ್ವಾಸಕೋಶದ ರೋಗವಿರುವವರು ನೋಡುವವರ ಕಣ್ಣಿಗೆ ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ. ಅವರನ್ನು ದಣಿಸುವುದು ಏರು ಮತ್ತು ಅವಸರ.

ಪಾರ್ಶ್ವವಾಯುವಿನಿಂದ ಒಂದು ಮೈ ಸೋತವರ ಸಮಸ್ಯೆ ಇನ್ನೊಂದು ಬಗೆಯದು. ಮೆಟ್ಟಿಲಿನ ಒಂದೇ ಬದಿಗೆ ಕೈಪಿಡಿ ಇದ್ದರೆ, ಏರುವಾಗ ಬಲವುಳ್ಳ ಕೈಗೆ ಸಿಕ್ಕ ಅದೇ ಕೈಪಿಡಿ ಇಳಿಯುವಾಗ ಸೋತ ಕೈಯ ಕಡೆಗೆ ಬರುತ್ತದೆ. ಆದುದರಿಂದ ಏರಿದ್ದೇವೆ ಎಂದ ಮಾತ್ರಕ್ಕೆ ಇಳಿಯುತ್ತೇವೆ ಎನ್ನುವಂತಿಲ್ಲ. ಪಾರ್ಕಿನ್ಸನ್ ರೋಗವಿರುವವರು ಬಯಲಿನಲ್ಲಿ ನಡೆಯುತ್ತಿದ್ದು, ಇಕ್ಕಟ್ಟಾದ ಬಾಗಿಲಿನ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುವುದುಂಟು. ಹಿಂದಿನಿಂದ ತಳ್ಳಿದರೆ ಬೀಳುತ್ತಾರೆ. ನಿಂತು ಉಸಿರೆಳೆದುಕೊಂಡು ‘ಒಂದು, ಎರಡು’ ಎಂದು ಎಣಿಸುತ್ತ ಹೆಜ್ಜೆ ಎತ್ತಿದರೆ ಮುಂದೆ ಸಾಗಬಲ್ಲರು. ಬಹುಕಾಲದ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ನಡೆಯಲು ನೋವಿಲ್ಲ. ನೋವಿಲ್ಲದಿರುವುದೇ ಅವರ ಅಪಾಯ.

ಹೀಗಿರುವುದರಿಂದ ಮೊದಲ ಪ್ರಶ್ನೆಯನ್ನು ಕೇಳಬೇಕಾದುದು ಹಿರಿಯರನ್ನೇ. ಎಷ್ಟು ದೂರ ನಡೆದರೆ ಕೂರಬೇಕೆನಿಸುತ್ತದೆ? ಎಷ್ಟು ಮೆಟ್ಟಿಲು ಏರಬಹುದು? ಯಾವ ಕೈಗೆ ಆಧಾರ ಬೇಕು? ಈ ಮೂರು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹೊರಡುವ ಮುನ್ನ

ಐತಿಹಾಸಿಕ ಸ್ಥಳಗಳಲ್ಲಿ ದುರಸ್ತಿಯ ಕೆಲಸದಿಂದಾಗಿ ಒಂದು ಭಾಗ ಮುಚ್ಚಿರುವುದು, ಒಂದು ಬಾಗಿಲು ಬದಲಾಗಿರುವುದು ಸಾಮಾನ್ಯ. ಆದುದರಿಂದ ಹಿಂದಿನ ವರ್ಷ ಹೋಗಿ ಬಂದವರ ಮಾತನ್ನು ನಂಬದೆ, ವಾರಕ್ಕೆ ಮುಂಚೆ ದೂರವಾಣಿಯ ಮೂಲಕ ವಿಚಾರಿಸಬೇಕು. ‘ವಯಸ್ಸಾದವರು ಬರಬಹುದೇ?’ ಎಂದು ಕೇಳಿದರೆ ‘ಅವಶ್ಯವಾಗಿ ಬನ್ನಿ’ ಎಂಬ ಸೌಜನ್ಯದ ಉತ್ತರ ಮಾತ್ರ ಬರುತ್ತದೆ. ಕೇಳಬೇಕಾದ ಪ್ರಶ್ನೆಗಳು ಹೀಗಿವೆ:

ವಾಹನ ಎಲ್ಲಿಯವರೆಗೆ ಬರಬಹುದು? ಅಲ್ಲಿಂದ ಮನೆಗೆ ಎಷ್ಟು ನಿಮಿಷದ ನಡಿಗೆ?

ಮನೆಯ ಜಗಲಿಗೆ ಎಷ್ಟು ಮೆಟ್ಟಿಲು? ಕೈಪಿಡಿ ಯಾವ ಬದಿಗಿದೆ? ಇಳಿಜಾರು ಹಾದಿ ಇದೆಯೇ?

ದಾರಿ ಹಾಸುಗಲ್ಲಿನದೇ, ಜಲ್ಲಿಯದೇ, ಮಣ್ಣಿನದೇ?

ಕುಳಿತುಕೊಳ್ಳಲು ಬೆಂಚುಗಳು ಎಲ್ಲೆಲ್ಲಿವೆ?

ಕಮೋಡು ಇರುವ ಶೌಚಾಲಯ ಇದೆಯೇ? ಅದಕ್ಕೂ ಮೆಟ್ಟಿಲು ಹತ್ತಬೇಕೇ?

ಗಾಲಿಕುರ್ಚಿ ಅಲ್ಲಿ ದೊರೆಯುವುದೇ, ಕೊಂಡೊಯ್ಯಬೇಕೇ?

ಇಳಿಜಾರು ಹಾದಿಯ ವಿಷಯದಲ್ಲಿ ಒಂದು ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಎತ್ತರ ಒಂದಾದರೆ ಉದ್ದ ಹನ್ನೆರಡು ಇರಬೇಕೆಂಬುದು ಒಪ್ಪಿತವಾದ ಅಳತೆ. 15 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲಿಗೆ 1.8 ಮೀಟರ್ ಉದ್ದದ ಇಳಿಜಾರು ಬೇಕು. ಅಂತಹ ನಾಲ್ಕು ಮೆಟ್ಟಿಲಿಗೆ 7.2 ಮೀಟರ್. ನಾಲ್ಕು ಮೆಟ್ಟಿಲಿನ ಮೇಲೆ ಎರಡು ಗಜದ ಹಲಗೆಯನ್ನು ಅಡ್ಡವಿಟ್ಟು ‘ವ್ಯವಸ್ಥೆ ಇದೆ’ ಎಂದರೆ ಅದನ್ನು ನಂಬಿ ಗಾಲಿಕುರ್ಚಿಯನ್ನು ಏರಿಸಬಾರದು. ಅದು ಕುರ್ಚಿ ಹಿಂದಕ್ಕೆ ಮಗುಚುವಷ್ಟು ಕಡಿದು.

ಕಾಲವನ್ನು ಆರಿಸುವುದೂ ಮುಖ್ಯ. ಪುಣೆಯಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಹಿತವಾದ ಹವೆ. ಮಳೆಗಾಲದಲ್ಲಿ ಹಾಸುಗಲ್ಲು ಪಾಚಿಗಟ್ಟಿ ಜಾರುತ್ತದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದಲ್ಲಿ ಅದೇ ಕಲ್ಲು ಕಾದ ಹೆಂಚಾಗುತ್ತದೆ.

ಪ್ರಯಾಣದ ದಿನ

ಮುಂಬಯಿಯಿಂದ ಪುಣೆಗೆ ಸುಮಾರು 150 ಕಿಲೋಮೀಟರ್. ಬಸ್ಸಿನಲ್ಲಿ ಮೂರು-ನಾಲ್ಕು ಗಂಟೆ ಕಾಲು ಇಳಿಬಿಟ್ಟು ಕುಳಿತರೆ ಪಾದ ಊದಿಕೊಳ್ಳುತ್ತದೆ. ಕೆಲವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಇರುತ್ತದೆ. ಅರ್ಧ ಗಂಟೆಗೊಮ್ಮೆ ಕುಳಿತಲ್ಲಿಯೇ ಪಾದವನ್ನು ಇಪ್ಪತ್ತು ಸಲ ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಬಸ್ಸು ನಿಂತೊಡನೆ ದಡಬಡಿಸಿ ಏಳಬಾರದು. ಬಹಳ ಹೊತ್ತು ಕುಳಿತು ಒಮ್ಮೆಲೇ ಎದ್ದಾಗ ರಕ್ತದೊತ್ತಡ ಕುಸಿದು ತಲೆ ಸುತ್ತುವುದು, ಮುಖ್ಯವಾಗಿ ರಕ್ತದೊತ್ತಡದ ಗುಳಿಗೆ ಸೇವಿಸುವವರಲ್ಲಿ, ಸಾಮಾನ್ಯ. ಮೊದಲು ಆಸನದ ಅಂಚಿಗೆ ಸರಿದು, ಅನಂತರ ಎದ್ದು, ಆಧಾರ ಹಿಡಿದು ಒಂದು ನಿಮಿಷ ನಿಂತು, ಆಮೇಲೆ ಹೆಜ್ಜೆ ಇಡತಕ್ಕದ್ದು.

ಶೌಚಾಲಯದ ಭಯದಿಂದ ಹಿರಿಯರು, ಅದರಲ್ಲಿಯೂ ಹೆಂಗಸರು, ಪ್ರವಾಸದ ದಿನ ನೀರನ್ನೇ ಬಿಟ್ಟುಬಿಡುತ್ತಾರೆ. ಇದು ಬಹಳ ಹಾನಿಕರ. ನೀರು ಕಡಿಮೆಯಾದರೆ ತಲೆ ಸುತ್ತು, ಮಲಬದ್ಧತೆ, ಮೂತ್ರದ ಸೋಂಕು, ಕೆಲವೊಮ್ಮೆ ಬುದ್ಧಿಯ ಮಂಕು ಸಹ ಉಂಟಾಗಬಹುದು. ದಾರಿಯಲ್ಲಿ ಎರಡು ಕಡೆ ಶೌಚಕ್ಕೆ ನಿಲ್ಲುವುದೆಂದು ಮೊದಲೇ ಘೋಷಿಸಿದರೆ ಈ ಭಯ ತಾನಾಗಿ ಕಳೆಯುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಸೇವಿಸುವವರು ಅದನ್ನು ತಾವಾಗಿಯೇ ನಿಲ್ಲಿಸದೆ, ಅಂದಿನ ಮಟ್ಟಿಗೆ ಯಾವ ವೇಳೆಗೆ ಸೇವಿಸಬೇಕೆಂದು ವೈದ್ಯರನ್ನು ಕೇಳಬೇಕು. ಹೃದಯ ಅಥವಾ ಮೂತ್ರಪಿಂಡದ ರೋಗದಿಂದಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ವೈದ್ಯರು ಹೇಳಿದ ಪ್ರಮಾಣವನ್ನೇ ಅನುಸರಿಸಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗುಳಿಗೆ ಸೇವಿಸುವವರ ಊಟದ ಹೊತ್ತು ತಪ್ಪಬಾರದು. ಅವರ ಕೈಚೀಲದಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲೇಬೇಕು. ಔಷಧಿಗಳ ಚೀಲ ಬಸ್ಸಿನಲ್ಲಿ ಉಳಿಯದೆ ಹಿರಿಯರ ಜೊತೆಗೇ ಹೋಗಬೇಕು.

ಊರುಗೋಲು ಮತ್ತು ಮೆಟ್ಟಿಲು

ಊರುಗೋಲನ್ನು ನೋವಿರುವ ಕಾಲಿನ ಕಡೆಯ ಕೈಯಲ್ಲಿ ಹಿಡಿಯುವುದು ಬಹುಜನರ ರೂಢಿ. ಇದು ತಪ್ಪು. ಬಲಮೊಣಕಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಲಗಾಲೂ ಎಡಗೈಯ ಕೋಲೂ ಒಟ್ಟಿಗೆ ಮುಂದೆ ಹೋಗಬೇಕು. ಆಗ ಭಾರ ಇಬ್ಭಾಗವಾಗುತ್ತದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಕೋಲಿನ ತುದಿಯ ರಬ್ಬರು ಸವೆದು ನುಣುಪಾಗಿದ್ದರೆ ಪ್ರವಾಸಕ್ಕೆ ಮುಂಚೆಯೇ ಬದಲಾಯಿಸಬೇಕು. ನುಣುಪಾದ ಹಳೆಯ ನೆಲದ ಮೇಲೆ ಸವೆದ ರಬ್ಬರು ಎಣ್ಣೆಯಂತೆ ಜಾರುತ್ತದೆ.

ಮೆಟ್ಟಿಲಿಗೆ ಒಂದು ಸೂತ್ರವಿದೆ: ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಎರಡೂ ಪಾದಗಳು ಒಂದೇ ಮೆಟ್ಟಿಲಿಗೆ ಬಂದ ಮೇಲೆಯೇ ಮುಂದಿನ ಮೆಟ್ಟಿಲು. ನೆರವಾಗುವವರು, ಹಿರಿಯರು ಏರುವಾಗ ಒಂದು ಮೆಟ್ಟಿಲು ಹಿಂದೆ, ಇಳಿಯುವಾಗ ಒಂದು ಮೆಟ್ಟಿಲು ಮುಂದೆ, ಎಂದರೆ ಯಾವಾಗಲೂ ಕೆಳಗಿನ ಬದಿಯಲ್ಲಿ ಇರಬೇಕು. ಪಾರ್ಶ್ವವಾಯುವಾದವರ ಸೋತ ಕೈಯನ್ನು ಹಿಡಿದು ಎಳೆಯಲೇಬಾರದು. ಸಡಿಲವಾದ ಹೆಗಲ ಕೀಲು ಜಾರಿ, ತಿಂಗಳುಗಟ್ಟಲೆ ನರಳಬೇಕಾಗುತ್ತದೆ. ಸೋತ ಬದಿಯಲ್ಲಿ ನಿಂತು ಸೊಂಟದ ಸುತ್ತ ಕೈಯ ಆಧಾರ ಕೊಡುವುದು ಸರಿಯಾದ ಕ್ರಮ.

ಗಾಲಿಕುರ್ಚಿಯನ್ನು ತಳ್ಳುವವರಿಗೆ

ಹಿರಿಯರು ಗಾಲಿಕುರ್ಚಿಯನ್ನು ಒಲ್ಲೆನೆನ್ನುವುದು ಸಹಜ. ‘ನಾನಿನ್ನೂ ಅಷ್ಟು ಕೆಟ್ಟಿಲ್ಲ’ ಎಂಬ ಮಾತಿನ ಹಿಂದೆ ಮಾನದ ಪ್ರಶ್ನೆಯಿದೆ. ಗಾಲಿಕುರ್ಚಿ ಸೋತವರ ಆಸನವೆಂದು ಭಾವಿಸಬೇಕಾಗಿಲ್ಲ. ಅದು ಶಕ್ತಿಯ ಉಳಿತಾಯ. ವಾಹನದಿಂದ ಮನೆಯವರೆಗಿನ ದೂರವನ್ನು ಕುರ್ಚಿಯಲ್ಲಿ ಕ್ರಮಿಸಿದರೆ, ಉಳಿದ ಬಲದಿಂದ ಮನೆಯ ಒಳಗೆ ತಮ್ಮ ಕಾಲಿನಲ್ಲಿಯೇ ಓಡಾಡಬಹುದು. ಹೀಗೆ ವಿವರಿಸಿ ಹೇಳಿದಾಗ ಬಹುಪಾಲು ಹಿರಿಯರು ಒಪ್ಪುತ್ತಾರೆ. ಒಪ್ಪದಿದ್ದರೆ ಬಲವಂತ ಕೂಡದು. ಮಡಿಸುವ ಕುರ್ಚಿಯೊಂದನ್ನು ಜೊತೆಗೆ ಹಿಡಿದುಕೊಂಡು ಹೋದರಾಯಿತು.

ತಳ್ಳುವವರು ನೆನಪಿಡಬೇಕಾದ ಸಂಗತಿಗಳು ಕೆಲವಿವೆ. ಕೂರುವಾಗಲೂ ಏಳುವಾಗಲೂ ಎರಡೂ ಗಾಲಿಗಳ ಬ್ರೇಕು ಹಾಕಿರಬೇಕು. ಏಳುವ ಮುನ್ನ ಪಾದ ಇಡುವ ಹಲಗೆಗಳನ್ನು ಮೇಲಕ್ಕೆ ಮಡಿಸಬೇಕು. ಅವುಗಳ ಮೇಲೆ ನಿಂತರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ತಳ್ಳುವವರು ಕೆಳಗಿನ ಬದಿಗೆ ಇದ್ದು, ನಿಧಾನವಾಗಿ ಇಳಿಸಬೇಕು. ಹುಲ್ಲು, ಜಲ್ಲಿಗಳಲ್ಲಿ ಮುಂದಿನ ಚಿಕ್ಕ ಗಾಲಿಗಳು ಹೂತುಕೊಳ್ಳುತ್ತವೆ; ಅಲ್ಲಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ದೊಡ್ಡ ಗಾಲಿಗಳ ಮೇಲೆ ಹಿಮ್ಮುಖವಾಗಿ ಎಳೆಯುವುದು ಸುಲಭ. ಮೆಟ್ಟಿಲಿನ ಮೇಲೆ ಕುಳಿತವರ ಸಮೇತ ಕುರ್ಚಿಯನ್ನು ನಾಲ್ವರು ಹೊತ್ತು ಸಾಗಿಸುವ ಸಾಹಸ ಬೇಡ. ಕಳಚಿ ಬರುವ ತೋಳು, ಪಾದದ ಹಲಗೆಗಳನ್ನು ಹಿಡಿದು ಎತ್ತಿದಾಗಲೇ ಅನಾಹುತಗಳು ಸಂಭವಿಸುತ್ತವೆ. ಸೀರೆಯ ಸೆರಗು, ಶಾಲು, ಧೋತರದ ಅಂಚು ಗಾಲಿಗೆ ಸಿಲುಕದಂತೆ ನೋಡಿಕೊಳ್ಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು, ಹೇಳದೆ ಕೇಳದೆ ಕುರ್ಚಿಯನ್ನು ಕದಲಿಸಬಾರದು. ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನಿರ್ಧರಿಸುವವರು ಕುಳಿತವರು, ತಳ್ಳುವವರಲ್ಲ.

ಮನೆಯೊಳಗೆ ಮತ್ತು ಉದ್ಯಾನದಲ್ಲಿ

ಎಲ್ಲವನ್ನೂ ನೋಡಿಬಿಡಬೇಕೆಂಬ ಹಟವೇ ಪ್ರವಾಸದ ದಣಿವಿಗೆ ಮೂಲ. ಆಗಾಖಾನ್ ಅರಮನೆಯಲ್ಲಿ ನಡೆಯಲು ಕಷ್ಟವಿರುವವರು ಎರಡೇ ಗುರಿಗಳನ್ನು ಇಟ್ಟುಕೊಂಡರೆ ಸಾಕು: ನೆಲ ಅಂತಸ್ತಿನ ಮೊಗಸಾಲೆ ಮತ್ತು ಕೋಣೆಗಳು ಒಂದು, ಸಮಾಧಿಗಳಿರುವ ಉದ್ಯಾನ ಇನ್ನೊಂದು. ಯಾವುದು ಮೊದಲೆಂಬುದನ್ನು ಅವರೇ ಆರಿಸಲಿ. ಬಲವೆಲ್ಲ ಇರುವಾಗ ಮನಸ್ಸಿಗೆ ಹೆಚ್ಚು ಬೇಕಾದುದನ್ನು ನೋಡಬೇಕು. ‘ಸಮಾಧಿಯನ್ನು ಕೊನೆಗೆ ನೋಡೋಣ’ ಎಂದು ಮುಂದೂಡಿದರೆ, ಕೊನೆಗೆ ಅದು ತಪ್ಪಿಹೋಗುವುದೇ ಹೆಚ್ಚು. ಹತ್ತು ನಿಮಿಷ ನಡಿಗೆ, ಐದು ನಿಮಿಷ ವಿಶ್ರಾಂತಿ ಎಂಬ ಲೆಕ್ಕ ಬಹುಮಂದಿಗೆ ಸರಿಹೋಗುತ್ತದೆ. ದಣಿದ ಮೇಲೆ ಕೂರುವುದಲ್ಲ, ದಣಿಯುವ ಮುನ್ನವೇ ಕೂರಬೇಕು. ಬೆಳಕಿನ ಉದ್ಯಾನದಿಂದ ನಸುಗತ್ತಲೆಯ ಕೋಣೆಗೆ ಹೋದಾಗ ವಯಸ್ಸಾದ ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಹೊಸ್ತಿಲಲ್ಲಿ ಅರೆ ನಿಮಿಷ ನಿಂತು ಒಳಗೆ ಹೋಗುವುದು ಕ್ಷೇಮ.

ಸಮಾಧಿಯ ಬಳಿ ಪಾದರಕ್ಷೆಯನ್ನು ಕಳಚುವುದು ಭಾರತೀಯರಿಗೆ ಸ್ವಭಾವವೇ ಆಗಿದೆ. ಆದರೆ ಮಧುಮೇಹದಿಂದ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬಿಸಿಲಿನಲ್ಲಿ ಕಾದ ಕಲ್ಲು ಸುಟ್ಟದ್ದೇ ತಿಳಿಯುವುದಿಲ್ಲ. ರಾತ್ರಿ ಮನೆಯಲ್ಲಿ ಬೊಬ್ಬೆ ಕಂಡಾಗ ತಿಳಿಯುತ್ತದೆ. ಅಂತಹ ಹುಣ್ಣು ಕಾಲನ್ನೇ ಕಳೆದುಕೊಳ್ಳುವ ಹಂತಕ್ಕೆ ಹೋದ ಪ್ರಸಂಗಗಳಿವೆ. ಅಂಥವರು ಪಾದರಕ್ಷೆ ತೆಗೆಯಬೇಕಿಲ್ಲದ ದೂರದಿಂದಲೇ ಕೈ ಮುಗಿಯುವುದು ಮೇಲು. ಹತ್ತಿರ ಹೋಗಲೇಬೇಕೆಂದರೆ ಬೆಳಗಿನ ತಂಪು ಹೊತ್ತಿನಲ್ಲಿ, ದಪ್ಪನೆಯ ಕಾಲುಚೀಲ ಧರಿಸಿ ಹೋಗಬೇಕು. ಅಂದಿನ ರಾತ್ರಿ ಅಂಗಾಲನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು.

ಎದೆಯಲ್ಲಿ ಬಿಗಿತ ಅಥವಾ ನೋವು, ಮಾತು ಮುಗಿಸಲಾಗದಷ್ಟು ಏದುಸಿರು, ತಣ್ಣನೆಯ ಬೆವರು, ಒಮ್ಮೆಲೇ ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈಯೋ ಕಾಲೋ ಬಲಗುಂದುವುದು, ಇವುಗಳಲ್ಲಿ ಯಾವುದು ಕಂಡರೂ ಪ್ರವಾಸವನ್ನು ಅಲ್ಲಿಗೇ ನಿಲ್ಲಿಸಿ 108 ಅಥವಾ 112ಕ್ಕೆ ಕರೆ ಮಾಡಬೇಕು. ‘ಆಯಾಸವಷ್ಟೆ, ಸ್ವಲ್ಪ ನಿಂಬೆ ಪಾನಕ ಕುಡಿದರೆ ಸರಿಹೋಗುತ್ತದೆ’ ಎಂದು ಕಳೆಯುವ ಅರ್ಧ ಗಂಟೆ ಪ್ರಾಣದ ಬೆಲೆಯದು.

ಬೇರೆ ಮನೆಗಳು

ಈ ರೀತಿಯ ಎಣಿಕೆ ಎಲ್ಲ ಐತಿಹಾಸಿಕ ಮನೆಗಳಿಗೂ ಅನ್ವಯಿಸುತ್ತದೆ. ಮುಂಬಯಿಯ ಮಣಿಭವನವನ್ನೇ ತೆಗೆದುಕೊಳ್ಳಬಹುದು. 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗ ತಂಗುತ್ತಿದ್ದ ಮನೆ ಅದು. ಅವರ ಕೋಣೆ ಇರುವುದು ಎರಡನೆಯ ಮಹಡಿಯಲ್ಲಿ. ಪುಸ್ತಕಾಲಯ ನೆಲ ಅಂತಸ್ತಿನಲ್ಲಿದೆ. ಮೊಣಕಾಲಿನ ನೋವಿರುವವರು ಅಂತಹ ಮನೆಗೆ ಹೋಗುವ ಮುನ್ನ ಮಹಡಿಗೆ ಏರುವ ಬಗೆಯನ್ನು ವಿಚಾರಿಸಿಯೇ ಹೋಗಬೇಕು. ಅದು ಸಾಧ್ಯವಿಲ್ಲದವರಿಗೆ ಕೆಳಗಿನ ಪುಸ್ತಕಾಲಯವೇ ಒಂದು ದರ್ಶನ.

ರಜೆಯಲ್ಲಿ ಊರಿಗೆ ಹೋದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗನ್ನು ಕಾಣುವವರು ಬಹಳ. 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಬೇಸಗೆಯ ಅರಮನೆ ಉದ್ಯಾನದ ನಡುವೆ, ಸುಮಾರು ಒಂದೂವರೆ ಮೀಟರ್ ಎತ್ತರದ ಜಗಲಿಯ ಮೇಲಿದೆ. ದ್ವಾರದಿಂದ ಅಲ್ಲಿಯವರೆಗಿನ ನೆಟ್ಟನೆಯ ಹಾದಿ ಉದ್ದವಾದುದು. ಆದರೆ ಅಲ್ಲಿನ ಮುಖ್ಯ ಆಕರ್ಷಣೆಯಾದ ಚಿತ್ರಗಳು, 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವೂ ಸೇರಿ, ಕೆಳಗಿನ ಅಂತಸ್ತಿನ ಹೊರಗೋಡೆಗಳ ಮೇಲೆಯೇ ಇವೆ. ಜಗಲಿಯನ್ನು ಒಮ್ಮೆ ಏರಿದವರಿಗೆ ಮತ್ತೆ ಮಹಡಿಯ ಗೊಡವೆಯಿಲ್ಲ. ಉದ್ದದ ಹಾದಿಗೆ ಗಾಲಿಕುರ್ಚಿ, ಜಗಲಿಯ ಮೆಟ್ಟಿಲಿಗೆ ಕೋಲು ಮತ್ತು ಒಂದು ಹೆಗಲು, ಅನಂತರ ಗೋಡೆಯ ಮುಂದೆ ಬೇಕಾದಷ್ಟು ಹೊತ್ತು ಎಂದು ಅಲ್ಲಿಯ ಭೇಟಿಯನ್ನು ವಿಂಗಡಿಸಿಕೊಳ್ಳಬಹುದು.

ಕಾನೂನು ಮತ್ತು ಸಂಘಗಳ ಹೊಣೆ

ಸಾರ್ವಜನಿಕ ಸ್ಥಳಗಳಿಗೆ ಪ್ರವೇಶ ಅಂಗವೈಕಲ್ಯವುಳ್ಳವರ ಹಕ್ಕು ಎಂಬುದನ್ನು 1995ರ ಕಾನೂನು ಅಂಶತಃ ಗುರುತಿಸಿತ್ತು. 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಹೊಸ ಕಾನೂನು ಅದನ್ನು ಸ್ಪಷ್ಟಗೊಳಿಸಿತು. ಹಳೆಯ ಸ್ಮಾರಕಗಳ ವಿಷಯದಲ್ಲಿ ಒಂದು ತೊಡಕಿದೆ. ನೂರಾರು ವರ್ಷದ ಕಲ್ಲನ್ನು ಒಡೆದು ಸಿಮೆಂಟಿನ ಇಳಿಜಾರನ್ನು ಕಟ್ಟುವುದು ಸ್ಮಾರಕಕ್ಕೆ ಅಪಚಾರ. ಹಳೆಯ ಕಲ್ಲಿಗೂ ಹಳೆಯ ಮೊಣಕಾಲಿಗೂ ನೋವಾಗದ ದಾರಿಯೆಂದರೆ, ಕಲ್ಲನ್ನು ಮುಟ್ಟದೆ ಅದರ ಮೇಲೆ ಇರಿಸಿ ಬೇಕಾದಾಗ ತೆಗೆಯಬಹುದಾದ ಮರದ ಅಥವಾ ಉಕ್ಕಿನ ಇಳಿಜಾರುಗಳು. ಇಂತಹ ಸೌಕರ್ಯ ಕಾಣದಿದ್ದಲ್ಲಿ ಸಂದರ್ಶಕರ ಪುಸ್ತಕದಲ್ಲಿ ಸೌಮ್ಯವಾದ ಎರಡು ಸಾಲು ಬರೆದು ಬರುವುದು ಮುಂದೆ ಬರುವವರಿಗೆ ಮಾಡಿದ ಉಪಕಾರ.

ಸಂಘಗಳು ಮಾಡಬಹುದಾದ ಕೆಲಸವೂ ದೊಡ್ಡದೇನಲ್ಲ. ಮಡಿಸುವ ಗಾಲಿಕುರ್ಚಿಯೊಂದು, ಹಗುರಾದ ಎರಡು ಮಡಿಸುವ ಪೀಠಗಳು, ಬಸ್ಸಿನ ಮೊದಲ ಮೆಟ್ಟಿಲಿಗೆ ಇಡಲು ಅಲುಗಾಡದ ಒಂದು ಮಣೆ, ಇಷ್ಟಿದ್ದರೆ ಸಾಕು. ಪ್ರವಾಸದ ಹೆಸರು ನೋಂದಣಿಯ ಚೀಟಿಯಲ್ಲಿ ‘ನಡೆಯಲು ಯಾವ ಬಗೆಯ ನೆರವು ಬೇಕು?’ ಎಂಬ ಒಂದು ಸಾಲನ್ನು ಸೇರಿಸಬಹುದು. ಆ ಸಾಲನ್ನು ಕಂಡ ಹಿರಿಯರಿಗೆ, ತಮ್ಮನ್ನು ಬರಬೇಡಿರೆಂದು ಯಾರೂ ಹೇಳುತ್ತಿಲ್ಲವೆಂಬುದು ಮೊದಲು ತಿಳಿಯುತ್ತದೆ. ಇಬ್ಬರು ಯುವಕರನ್ನು ನಿಧಾನ ನಡೆಯವರ ಜೊತೆಗಾರರೆಂದು ನೇಮಿಸಿ, ಅವರಿಗೆ ಮೇಲೆ ಹೇಳಿದ ಕ್ರಮಗಳನ್ನು ಹಿಂದಿನ ದಿನವೇ ಕಲಿಸಿಕೊಟ್ಟರೆ ಆ ಯುವಕರಿಗೂ ಅದೊಂದು ಶಿಕ್ಷಣ. ಊರು ಬಿಟ್ಟು ಬಂದ ಹಿರಿಯರಿಗೆ ಮಹಾನಗರದಲ್ಲಿ ಕಟ್ಟೆಯಿಲ್ಲ, ನೆರೆಮನೆಯ ಜಗಲಿಯಿಲ್ಲ. ಭಾಷೆ ಬರುವ ಮುಖಗಳು ಸಂಘದಲ್ಲಿ ಮಾತ್ರ. ಸಂಘದ ಬಸ್ಸಿನಲ್ಲಿಯೂ ಚೀಲ ಕಾಯುವ ಕೆಲಸವೇ ದೊರೆತರೆ ಅವರಿಗೆ ಉಳಿಯುವುದು ಮನೆಯ ಕಿಟಕಿಯೊಂದೇ.

ಆರಂಭದಲ್ಲಿ ಹೇಳಿದ ತಾಯಿಯ ಪ್ರವಾಸವನ್ನು ಈಗ ಇನ್ನೊಂದು ರೀತಿಯಲ್ಲಿ ಕಲ್ಪಿಸಿಕೊಳ್ಳಬಹುದು. ವಾರದ ಹಿಂದೆಯೇ ಮೆಟ್ಟಿಲುಗಳ ಸಂಖ್ಯೆಯನ್ನು ಕೇಳಿ ತಿಳಿದಿದೆ. ಬಸ್ಸು ಬೆಳಗಿನ ತಂಪಿನಲ್ಲಿಯೇ ಬಂದು ನಿಂತಿದೆ. ಮಗ ಮಣೆಯನ್ನು ಇಟ್ಟು, ಕೆಳಗಿನ ಬದಿಗೆ ನಿಂತು, “ಅವ್ವಾ, ಎಡಗಾಲು ಮೊದಲ ಇಡು,” ಎನ್ನುತ್ತಾನೆ. ಮೊಮ್ಮಗಳು ಕುರ್ಚಿಯ ಬ್ರೇಕು ಹಿಡಿದಿದ್ದಾಳೆ. ಮಹಡಿಯನ್ನು ಅವರು ನೋಡುವುದಿಲ್ಲ. ಕೆಲವು ಚಿತ್ರಗಳು ಉಳಿದುಹೋಗುತ್ತವೆ. ತಾಯಿ ಮೊಗಸಾಲೆಯಲ್ಲಿ, ಕಮಾನಿನ ನೆರಳಿನಲ್ಲಿ ಕುರ್ಚಿಯನ್ನು ನಿಲ್ಲಿಸಿಕೊಂಡು ಹುಲ್ಲುಹಾಸಿನ ಕಡೆಗೆ ನೋಡುತ್ತಾಳೆ. ತನ್ನ ತಂದೆ ಹೇಳಿದ್ದ ಕಥೆಯನ್ನು ಮೊಮ್ಮಗಳಿಗೆ ಹೇಳಲು ಆಕೆಗೆ ಅಲ್ಲಿ ಬೇಕಾದಷ್ಟು ಹೊತ್ತಿದೆ. ಚೀಲಗಳನ್ನು ಬಸ್ಸಿನ ಚಾಲಕರು ನೋಡಿಕೊಳ್ಳುತ್ತಾರೆ.